ಮಲೆನಾಡಿನ ಬಾಡಿಗೆ ಪಿಕಪ್: ಎಲೆಕ್ಟ್ರಿಕ್ಕೋ, ಹೈಬ್ರಿಡ್ಡೋ? ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಸಣ್ಣ ಪಿಕಪ್ ಕೊಳ್ಳಲು ಹೊರಟವರು ಶೋರೂಮಿನಲ್ಲಿ ಕೇಳುವ ಮೊದಲ ಪ್ರಶ್ನೆ "ಕಿಲೋಮೀಟರಿಗೆ ಎಷ್ಟು ಬೀಳುತ್ತೆ?" ಎಂಬುದು. ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ, ವರ್ಷದ ಅತಿ ಉದ್ದದ ದಿನ ಎಷ್ಟು ದೂರ ಓಡುತ್ತದೆ: ಈ ಎರಡಕ್ಕೆ ಉತ್ತರ ಸಿಕ್ಕರೆ ಎಲೆಕ್ಟ್ರಿಕ್ ಆಗುತ್ತದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ. ಶಿವಮೊಗ್ಗ ಪೇಟೆಯೊಳಗೆ ಓಡುವ ಗಾಡಿಗೂ ತೀರ್ಥಹಳ್ಳಿಯಿಂದ ಘಾಟಿ ಇಳಿದು ಹತ್ತುವ ಗಾಡಿಗೂ ಒಂದೇ ಉತ್ತರ ಹೇಳುವವರ ಮಾತಿಗೆ ದುಡ್ಡು ಹಾಕಬೇಡಿ.

ಇಲ್ಲಿ ಹೇಳುತ್ತಿರುವುದು 600 ಕೆ.ಜಿ.ಯಿಂದ ಒಂದು ಟನ್ ತನಕ ಹೊರುವ, ಟಾಟಾ ಏಸ್ ವರ್ಗದ ಗಾಡಿಗಳ ಬಗ್ಗೆ. ಒಂದೂವರೆ ಟನ್ ಹೇರಿ ತೋಟದ ದಾರಿಯಲ್ಲಿ ಇಳಿಸುವ ಬೊಲೆರೊ ಪಿಕಪ್ ಕೆಲಸ ಬೇರೆಯೇ. ಅಷ್ಟು ಹೊರೆಗೆ ಸದ್ಯ ಡೀಸೆಲ್ಲೇ ಸರಿ.

ಮೊದಲು ಹೈಬ್ರಿಡ್ ವಿಷಯ ಮುಗಿಸೋಣ

"ಎಲೆಕ್ಟ್ರಿಕ್ ಬೇಡ, ಕರೆಂಟ್ ನಂಬುವ ಹಾಗಿಲ್ಲ, ಹೈಬ್ರಿಡ್ ತಗೊಳ್ತೀವಿ" ಎನ್ನುವವರು ಬಹಳ ಮಂದಿ. ತೊಂದರೆ ಏನೆಂದರೆ, ನಮ್ಮ ದೇಶದಲ್ಲಿ ಈ ವರ್ಗದ ಸರಕು ಗಾಡಿಯಲ್ಲಿ ಹೈಬ್ರಿಡ್, ಅಂದರೆ ಎಂಜಿನ್ ಜೊತೆಗೆ ಮೋಟಾರು ಮತ್ತು ಸಣ್ಣ ಬ್ಯಾಟರಿ ಇರುವ ಗಾಡಿ, ಮಾರಾಟಕ್ಕಿಲ್ಲ. ಪೆಟ್ರೋಲ್, ಡೀಸೆಲ್, ಪೆಟ್ರೋಲ್ ಜೊತೆ ಸಿಎನ್‌ಜಿ ಇರುವ ಬೈ-ಫ್ಯುಯೆಲ್, ಎಲೆಕ್ಟ್ರಿಕ್: ಇರುವುದು ಇಷ್ಟೇ. 2022ರಲ್ಲಿ ಥರ್ಡ್ ಪಾರ್ಟಿ ವಿಮೆಯ ದರ ನಿಗದಿಯಾದಾಗ ಎಲೆಕ್ಟ್ರಿಕ್ ಸರಕು ಗಾಡಿಗೆ ಶೇ. 15, ಹೈಬ್ರಿಡ್ ವಾಹನಕ್ಕೆ ಶೇ. 7.5 ರಿಯಾಯಿತಿ ಇಟ್ಟರು. ಆ ಏಳೂವರೆಯನ್ನು ಪಡೆಯೋಣ ಎಂದರೆ ಮಿನಿ ಟ್ರಕ್ ಕೊಳ್ಳುವವರಿಗೆ ಗಾಡಿಯೇ ಇಲ್ಲ.

ಹೊರದೇಶದಲ್ಲಿ ಇದೆ. ಅಮೆರಿಕದಲ್ಲಿ 2021ರಲ್ಲಿ ಬಂದ ಫೋರ್ಡ್ ಮ್ಯಾವೆರಿಕ್ ಅಗ್ಗದ ಸಣ್ಣ ಪಿಕಪ್, 2.5 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೊಂದು ಮೋಟಾರು, ಬರೀ 1.1 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ, ಕಿಲೋವ್ಯಾಟ್-ಅವರ್) ಹಿಡಿಯುವ ಬ್ಯಾಟರಿ. ಅದರ 2022ರ ಮಾದರಿಗೆ ಅಲ್ಲಿಯ ಸರ್ಕಾರಿ ಪರೀಕ್ಷೆ ಕೊಟ್ಟ ಮೈಲೇಜನ್ನು ನಮ್ಮ ಲೆಕ್ಕಕ್ಕೆ ತಂದರೆ ಪೇಟೆಯಲ್ಲಿ ಲೀಟರಿಗೆ ಸುಮಾರು 18 ಕಿ.ಮೀ., ಹೆದ್ದಾರಿಯಲ್ಲಿ 14. ಹೆದ್ದಾರಿಗಿಂತ ಪೇಟೆಯಲ್ಲೇ ಹೆಚ್ಚು! ಹೈಬ್ರಿಡ್ ಇಂಧನ ಉಳಿಸುವುದು ನಿಂತು ಹೊರಡುವಲ್ಲಿ: ಬ್ರೇಕ್ ಹಿಡಿದಾಗ ಹೋಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಸಿ, ಹೊರಡುವಾಗ ಅದನ್ನೇ ಬಳಸುತ್ತದೆ.

ಘಾಟಿಯಲ್ಲಿ ಈ ಆಟ ನಡೆಯುವುದಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು, ಇಳಿತ ಸುಮಾರು 550 ಮೀಟರ್. ಲೋಡು ಸೇರಿ 1.8 ಟನ್ ತೂಗುವ ಗಾಡಿ ಇಳಿಯುವಾಗ ಸಿಗುವ ಶಕ್ತಿ 2.7 ಯೂನಿಟ್. ಚಕ್ರ ಉರುಳುವುದಕ್ಕೆ ಹೋಗಿ, ಮೋಟಾರಿನಲ್ಲಿ ಸೋರಿ, ಬ್ಯಾಟರಿಗೆ ಸೇರುವುದು ಒಂದೂವರೆ ಯೂನಿಟ್ ಇದ್ದೀತು. 1.1 ಯೂನಿಟ್ ಬ್ಯಾಟರಿಯಲ್ಲಿ ನಿಜವಾಗಿ ಬಳಕೆಗೆ ಬಿಡುವುದು ಅರ್ಧದಷ್ಟು. ಅಂದರೆ ಘಾಟಿಯ ಮೂರನೇ ಒಂದು ಭಾಗ ಇಳಿಯುವಷ್ಟರಲ್ಲಿ ತುಂಬಿಹೋಗುತ್ತದೆ. ಉಳಿದದ್ದಕ್ಕೆ ಎಂಜಿನ್ ಬ್ರೇಕೇ ಗತಿ. ಹತ್ತುವಾಗಲೂ ಅಷ್ಟೇ, ಮೊದಲ ಎರಡು ತಿರುವಿಗೆ ಬ್ಯಾಟರಿ ಕೈಕೊಟ್ಟು ಮಿಕ್ಕ ಏರನ್ನೆಲ್ಲ ಎಂಜಿನ್ನೇ ಎಳೆಯಬೇಕು. ನಾಳೆ ಯಾವುದೋ ಕಂಪನಿ ಹೈಬ್ರಿಡ್ ಮಿನಿ ಟ್ರಕ್ ತಂದರೂ ಅದು ಶಿವಮೊಗ್ಗದ ನೆಹರೂ ರಸ್ತೆಯ ಟ್ರಾಫಿಕ್ಕಿಗೆ ಒಪ್ಪುವಷ್ಟು ಹುಲಿಕಲ್ ಘಾಟಿಗೆ ಒಪ್ಪುವುದಿಲ್ಲ.

ಹೈಬ್ರಿಡ್ ಬೇಕು ಎನ್ನುವವರಿಗೆ ಒಳಗೆ ಬೇಕಾಗಿರುವುದು ಮೈಲೇಜಲ್ಲ, ಧೈರ್ಯ: ಕರೆಂಟ್ ಹೋದರೂ ಗಾಡಿ ನಿಲ್ಲಬಾರದು. ಆ ಧೈರ್ಯಕ್ಕೆ ಬೈ-ಫ್ಯುಯೆಲ್ ಸಾಕು. ಆದರೆ ಎರಡು ವಿಷಯ ನೋಡಿಕೊಳ್ಳಿ. ನಿಮ್ಮ ದಿನದ ದಾರಿಯಲ್ಲೇ ಸಿಎನ್‌ಜಿ ಬಂಕ್ ಇರಬೇಕು, 20 ಕಿ.ಮೀ. ಸುತ್ತಿ ಹೋಗಿ ಕ್ಯೂ ನಿಲ್ಲುವುದಾದರೆ ಉಳಿತಾಯ ಅಲ್ಲೇ ಮುಗಿಯಿತು. ಜೊತೆಗೆ ಇಂಥ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕು ಸಾಮಾನ್ಯವಾಗಿ 5 ಲೀಟರಿನದ್ದು, ತುರ್ತಿಗೆ ಮಾತ್ರ. ಸಿಎನ್‌ಜಿಯಲ್ಲಿ ಎಳೆತ ಸ್ವಲ್ಪ ಕಡಿಮೆ, ಹಾಗಾಗಿ ಲೋಡಿನಲ್ಲಿ ಏರು ಶುರುವಾಗುವ ಮೊದಲೇ ಪೆಟ್ರೋಲಿಗೆ ಬದಲಿಸಿಕೊಳ್ಳಿ. ನಡು ಏರಿನಲ್ಲಿ ಸ್ವಿಚ್ ಒತ್ತಿ ಗಾಡಿ ಕೆಮ್ಮುವುದನ್ನು ನೋಡುತ್ತ ಕೂರಬೇಡಿ.

ಹಳೆಯ ಗಾಡಿಗೆ ಹೈಬ್ರಿಡ್ ಕಿಟ್ ಕೂರಿಸಿಕೊಡುತ್ತೇವೆ ಎಂದು ಯಾರಾದರೂ ಬಂದರೆ, ಅನುಮೋದಿತ ಕಿಟ್ ಹೌದೋ, ಆರ್‌ಸಿಯಲ್ಲಿ ನಮೂದಾಗುತ್ತದೋ ಎಂದು ಕಾಗದ ಕೇಳಿ. ನಮೂದಾಗದ ಮಾರ್ಪಾಡು ಇದ್ದರೆ ಅಪಘಾತವಾದ ದಿನ ವಿಮೆಯವರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಹೆಜ್ಜೆ 1: ಹದಿನೈದು ದಿನದ ಪುಸ್ತಕ

ಈಗಿರುವ ಗಾಡಿಯಲ್ಲಿ, ಇಲ್ಲದಿದ್ದರೆ ನೀವು ಬಾಡಿಗೆಗೆ ಕರೆಯುವ ಗಾಡಿಯಲ್ಲಿ, ಹದಿನೈದು ದಿನ ಬರೆದಿಡಿ: ಹೊರಟಾಗ ಮೀಟರ್, ಬಂದಾಗ ಮೀಟರ್, ಲೋಡು ಎಷ್ಟು, ಎಲ್ಲಿಂದ ಎಲ್ಲಿಗೆ, ಮಧ್ಯದಲ್ಲಿ ಒಂದು ಗಂಟೆಗಿಂತ ಹೆಚ್ಚು ನಿಂತದ್ದು ಎಲ್ಲಿ. ಲೋಡನ್ನು ಅಂದಾಜಿನಲ್ಲಿ ಬರೆಯದೆ ಚೀಲ ಎಣಿಸಿ. ಶುಂಠಿ ಚೀಲ 60 ಕೆ.ಜಿ.; 12 ಚೀಲ ಎಂದರೆ 720. ಸಿಮೆಂಟ್ 50 ಕೆ.ಜಿ. ತುಂಬಿದ ಮನೆಬಳಕೆಯ ಗ್ಯಾಸ್ ಸಿಲಿಂಡರ್ ಹತ್ತಿರಹತ್ತಿರ 30 ಕೆ.ಜಿ., ಅಂದರೆ 24 ಸಿಲಿಂಡರಿಗೇ 720 ಆಯಿತು.

ಈ ಲೆಕ್ಕ ಯಾಕೆಂದರೆ ಎಲೆಕ್ಟ್ರಿಕ್ ಗಾಡಿಗಳ ಹೊರುವ ಮಿತಿ ಬಿಗಿ. 2022ರಲ್ಲಿ ಬಂದ ಟಾಟಾ ಏಸ್ ಇವಿಯ ಮಿತಿ 600 ಕೆ.ಜಿ.; 2024ರ ಏಸ್ ಇವಿ 1000ಕ್ಕೆ ಒಂದು ಟನ್. 2025ರ ಏಸ್ ಪ್ರೋಗೆ 750, ಮಹೀಂದ್ರ ಝಿಯೋಗೆ 765. ಡೀಸೆಲ್ ಗಾಡಿಗೆ ಇನ್ನೆರಡು ಚೀಲ ಜಾಸ್ತಿ ಹಾಕಿ ಏಗುವ ಅಭ್ಯಾಸ ನಮ್ಮ ಕಡೆ ಇದೆ. ಎಲೆಕ್ಟ್ರಿಕ್ಕಿನಲ್ಲಿ ಹಾಗೆ ಮಾಡಿದರೆ ಮೊದಲು ಕುಗ್ಗುವುದು ಓಡುವ ದೂರ, ಆಮೇಲೆ ಏರಿನಲ್ಲಿ ಮೋಟಾರಿಗೆ ಕರೆಂಟ್ ಹದವಾಗಿ ಕೊಡುವ ಕಂಟ್ರೋಲರ್ ಬಿಸಿಯಾಗಿ ಎಳೆತವೇ ಇಳಿಯುತ್ತದೆ. ಕೆಲವು ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಆಗ ಆಮೆಯ ಚಿತ್ರ ಬರುತ್ತದೆ. ಬಂದರೆ ಪಕ್ಕಕ್ಕೆ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಆರಲು ಬಿಡಬೇಕು.

ಪುಸ್ತಕದಲ್ಲಿ ಸರಾಸರಿಗೆ ಬೆಲೆಯಿಲ್ಲ. ಅಡಿಕೆ ಕೊಯ್ಲಿನ ತಿಂಗಳ ಅತಿ ಉದ್ದದ ದಿನ, ಮಳೆಗಾಲದಲ್ಲಿ ದಾರಿ ಬಂದಾಗಿ ಸುತ್ತಿ ಬರುವ ದಿನ, ಇವೇ ಮುಖ್ಯ. ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದರೆ ಹುಲಿಕಲ್ ಕಡೆಯಿಂದ ಬರಬೇಕಾಗುತ್ತದೆ. ಆ ಕಿಲೋಮೀಟರನ್ನು ಸೇರಿಸಿ ನೋಡಿ. ತುಮರಿ, ಸಿಗಂದೂರು ಕಡೆಯವರು ಹಳೆಯ ಲೆಕ್ಕ ಬಿಟ್ಟು ಹೊಸದಾಗಿ ಅಳೆಯಿರಿ. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾಯುವುದು ತಪ್ಪಿದೆ, ದಿನಕ್ಕೆ ಒಂದಿದ್ದ ಟ್ರಿಪ್ ಎರಡಾಗುವ ಸಾಧ್ಯತೆಯೂ ಇದೆ.

ಹೆಜ್ಜೆ 2: ಏರಿನ ಲೆಕ್ಕ

ಕಂಪನಿ ಹೇಳುವ ದೂರ ಸಮತಟ್ಟು ಪರೀಕ್ಷೆಯದ್ದು. ಏಸ್ ಇವಿಗೆ 21.3 ಯೂನಿಟ್ ಬ್ಯಾಟರಿ, ಹೇಳುವ ದೂರ 154 ಕಿ.ಮೀ. ಏಸ್ ಪ್ರೋ ಇವಿಗೆ 14.4 ಯೂನಿಟ್, ಹೇಳುವ ದೂರ 155. ಭಾಗಿಸಿ ನೋಡಿದರೆ ಎರಡನೆಯದು ಕಿಲೋಮೀಟರಿಗೆ 0.1 ಯೂನಿಟ್ ಕೂಡ ತಿನ್ನಬಾರದು! ಲೋಡಿನಲ್ಲಿ, ನಮ್ಮ ರಸ್ತೆಯಲ್ಲಿ ಅದನ್ನು ನಂಬಿ ಕೂರುವ ಹಾಗಿಲ್ಲ. ಬದಲಿಗೆ ಹೀಗೆ ಹಿಡಿಯಿರಿ:

ಡಾಂಬರು ರಸ್ತೆ, ಪೂರ್ತಿ ಲೋಡು, ಗಂಟೆಗೆ 40–50 ಕಿ.ಮೀ. ವೇಗ: ಕಿಲೋಮೀಟರಿಗೆ 0.15 ಯೂನಿಟ್.
ತೋಟದ ಮಣ್ಣುದಾರಿ, ಕೆಸರು: 0.25 ಯೂನಿಟ್.
ಏರು: ಗಾಡಿ ಮತ್ತು ಲೋಡು ಸೇರಿ ಒಂದು ಟನ್ ತೂಕ 100 ಮೀಟರ್ ಎತ್ತರ ಹತ್ತಿದರೆ ಮೂರನೇ ಒಂದು ಯೂನಿಟ್ ಹೆಚ್ಚುವರಿ.
ಇಳಿಜಾರು: ಹತ್ತಲು ಹೋದದ್ದರಲ್ಲಿ ಅರ್ಧ ವಾಪಸ್ ಬರಬಹುದು, ಲೆಕ್ಕಕ್ಕೆ ಮೂರನೇ ಒಂದು ಭಾಗ ಮಾತ್ರ ಹಿಡಿಯಿರಿ.

ಎತ್ತರ ತಿಳಿಯಲು ಫೋನಿನ ಆಲ್ಟಿಮೀಟರ್ ಆಪ್ ಸಾಕು. ದಾರಿಯ ಪ್ರತಿ ಏರನ್ನೂ ಬೇರೆಬೇರೆಯಾಗಿ ಕೂಡಿಸಿ. ಶಿವಮೊಗ್ಗಕ್ಕೂ ತೀರ್ಥಹಳ್ಳಿಗೂ ಸಮುದ್ರಮಟ್ಟದಿಂದ ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ ನಿಜ, ಆದರೆ ನಡುವೆ ಹತ್ತಿ ಇಳಿದು ಹತ್ತಿ ಇಳಿದೇ ಹೋಗುವುದು.

ಇನ್ನು ಬ್ಯಾಟರಿ. ತಳದ ಶೇ. 20 ಮುಟ್ಟಬೇಡಿ. ಹಾಗಾಗಿ 21.3ರಲ್ಲಿ ಕೈಗೆ ಸಿಗುವುದು 17, 14.4ರಲ್ಲಿ 11.5. ಐದು ವರ್ಷದ ನಂತರ ಇದರಲ್ಲೂ ಶೇ. 10–15 ಕಡಿಮೆಯಾದೀತೆಂದು ಈಗಲೇ ಇಟ್ಟುಕೊಳ್ಳಿ.

ಮೂರು ದಾರಿಗೆ ಹಾಕಿ ನೋಡೋಣ. ಶಿವಮೊಗ್ಗ ಎಪಿಎಂಸಿ ಯಾರ್ಡಿನಿಂದ ಪೇಟೆಯ ಅಂಗಡಿಗಳಿಗೆ ದಿನಸಿ ಇಳಿಸುವ ಗಾಡಿ, ದಿನಕ್ಕೆ 55 ಕಿ.ಮೀ.: ಎಂಟೂವರೆ ಯೂನಿಟ್ಟಿನೊಳಗೆ. ಸಣ್ಣ ಬ್ಯಾಟರಿಯೇ ಸಾಕು, ಇನ್ನೂ ಉಳಿಯುತ್ತದೆ. ಇಂಥವರು ಎಲೆಕ್ಟ್ರಿಕ್ ಬಿಟ್ಟು ಬೇರೆಯದನ್ನು ಯೋಚಿಸುವುದೇ ನಷ್ಟ.

ತೀರ್ಥಹಳ್ಳಿಯಿಂದ ಅಡಿಕೆ ಹೇರಿಕೊಂಡು ಮಂಡಗದ್ದೆ ದಾಟಿ ಶಿವಮೊಗ್ಗ ಮಂಡಿಗೆ ಹೋಗಿ ವಾಪಸ್: ಹತ್ತಿರಹತ್ತಿರ 125 ಕಿ.ಮೀ., ಬರುವಾಗ ಖಾಲಿ ಬಂದರೂ 17ರಿಂದ 18 ಯೂನಿಟ್. ದೊಡ್ಡ ಬ್ಯಾಟರಿಗೂ ಇದು ಗಡಿಯ ಮೇಲಿನ ಲೆಕ್ಕ. ಮಂಡಿಯಲ್ಲಿ ತೂಕ, ಟೆಂಡರ್ ಎಂದು ಹೇಗೂ ಎರಡು ಗಂಟೆ ನಿಲ್ಲುತ್ತೀರಿ. ಅಲ್ಲಿ 15 ಆಂಪ್ ಪ್ಲಗ್ಗು ಸಿಕ್ಕರೆ ಐದಾರು ಯೂನಿಟ್ ಸೇರಿ 30–35 ಕಿ.ಮೀ. ಕೈಗೆ ಬರುತ್ತದೆ. ಸಿಗದಿದ್ದರೆ ಈ ದಾರಿ ಎಲೆಕ್ಟ್ರಿಕ್ಕಿಗೆ ಬೇಡ.

ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಹೆಬ್ರಿಗೆ ಹೋಗಿ ಲೋಡಿನೊಂದಿಗೆ ವಾಪಸ್: 110 ಕಿ.ಮೀ. ರಸ್ತೆಗೇ ಹದಿನಾರೂವರೆ ಯೂನಿಟ್. ಅದರ ಮೇಲೆ 1.8 ಟನ್ 550 ಮೀಟರ್ ಹತ್ತಲು 3.3, ಇಳಿಯುವಾಗ ಬಂದದ್ದು ಒಂದು ಕಳೆದರೆ 19ರ ಹತ್ತಿರ. ಕೆಳಗೆ ಖಚಿತವಾದ ಚಾರ್ಜರ್ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಮುಖ್ಯವಾಗಿ, ಏರು ಬರುವುದು ವಾಪಸ್ ಬರುವಾಗ, ಬ್ಯಾಟರಿ ಅರ್ಧ ಇಳಿದ ಮೇಲೆ. ಘಾಟಿಯ ಮೇಲಿನವರಿಗೆ ಈ ತಾಪತ್ರಯ ತಪ್ಪಿದ್ದಲ್ಲ.

ಆಪ್‌ನಲ್ಲಿ ಚಾರ್ಜರ್ ಹಸಿರು ತೋರಿಸಿತೆಂದು ಲೋಡು ಹೇರಿ ಹೊರಡಬೇಡಿ. ಒಮ್ಮೆ ಖಾಲಿ ಹೋಗಿ ನೋಡಿ: ಗನ್ (ಗಾಡಿಗೆ ಸಿಕ್ಕಿಸುವ ಪ್ಲಗ್ಗು) ಸಿಸಿಎಸ್2 ಎಂಬ ಫಾಸ್ಟ್ ಚಾರ್ಜಿಂಗ್ ಮಾದರಿಯದು ಹೌದೋ, ಹಿಂದೆ ಬಾಡಿ ಉದ್ದವಿರುವ ಗಾಡಿ ನಿಲ್ಲಲು ಜಾಗ ಇದೆಯೋ, ಮಳೆಯಲ್ಲಿ ಮೇಲೆ ಶೀಟ್ ಇದೆಯೋ, ರಾತ್ರಿ ಗೇಟು ಹಾಕುತ್ತಾರೋ. ನೀವು ಕೊಳ್ಳುವ ಮಾದರಿಯಲ್ಲಿ ಫಾಸ್ಟ್ ಚಾರ್ಜಿಂಗ್ ಪೋರ್ಟ್ ಇದೆಯೇ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಿರಿ.

ಹೆಜ್ಜೆ 3: ದುಡ್ಡು

ಏಸ್ ಪ್ರೋ 2025ರ ಜೂನ್‌ನಲ್ಲಿ ಬಂದಾಗ ಪೆಟ್ರೋಲಿಗೆ 3.99 ಲಕ್ಷ, ಬೈ-ಫ್ಯುಯೆಲ್‌ಗೆ 4.99, ಎಲೆಕ್ಟ್ರಿಕ್ಕಿಗೆ 6.50 ಲಕ್ಷ ಎಂದು ಬೆಲೆ ಇಟ್ಟಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ಕಿಗೆ 2019ರಿಂದಲೇ 5 ಇರುವುದರಿಂದ ಅದರ ಬೆಲೆ ಇಳಿಯುವ ಪ್ರಶ್ನೆಯಿಲ್ಲ. ಅಂದರೆ ಅಂತರ ಇನ್ನೂ ಸ್ವಲ್ಪ ಅಗಲವಾಯಿತು. ನಿಮ್ಮ ಕೈಯಲ್ಲಿರುವ ಕೊಟೇಶನ್ ಹಾಕಿಕೊಳ್ಳಿ. ಇಲ್ಲಿ ಅಂತರ ಎರಡೂವರೆ ಲಕ್ಷ ಎಂದು ಹಿಡಿಯೋಣ.

ಪೆಟ್ರೋಲ್ 104 ರೂಪಾಯಿ, ಏರಿಳಿತದ ದಾರಿಯಲ್ಲಿ ಲೀಟರಿಗೆ 14 ಕಿ.ಮೀ. ಎಂದರೆ ಕಿಲೋಮೀಟರಿಗೆ 7.40. ಎಲೆಕ್ಟ್ರಿಕ್ಕಿನಲ್ಲಿ ಗೋಡೆಯ ಪ್ಲಗ್ಗಿನಿಂದ ಹೋಗುವುದು ಕಿಲೋಮೀಟರಿಗೆ 0.2 ಯೂನಿಟ್, ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದೂ ಇದರಲ್ಲಿ ಸೇರಿತು. ಯೂನಿಟ್ಟಿಗೆ ಎಲ್ಲ ಸೇರಿ 8 ರೂಪಾಯಿ ಹಿಡಿದರೆ 1.60. ಉಳಿಯುವುದು 5.80. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ಕೊಟ್ಟರೆ ಖರ್ಚೇ 4 ರೂಪಾಯಿ ಆಗಿ ಉಳಿಯುವುದು 3.40ಕ್ಕೆ ಇಳಿಯುತ್ತದೆ. ಅದಕ್ಕೇ ರಾತ್ರಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಕೇಳಿದ್ದು.

ಹೆಚ್ಚುವರಿ ಎರಡೂವರೆ ಲಕ್ಷವನ್ನು ಶೇ. 11ರ ಬಡ್ಡಿಗೆ ನಾಲ್ಕು ವರ್ಷಕ್ಕೆ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 6,460. ಅದನ್ನು 5.80ರಿಂದ ಭಾಗಿಸಿ: 1,114 ಕಿ.ಮೀ. ತಿಂಗಳಿಗೆ 25 ದಿನ ಓಡಿದರೆ ದಿನಕ್ಕೆ 45. ಇದಕ್ಕಿಂತ ಕಡಿಮೆ ಓಡಿಸುವವರಿಗೆ ಕಂತಿನ ಅಂತರವೇ ಹುಟ್ಟುವುದಿಲ್ಲ. ಹೆಜ್ಜೆ 2ರ ಮಿತಿ ಮೇಲಿನಿಂದ ಒತ್ತುತ್ತದೆ, ಈ 45 ಕೆಳಗಿನಿಂದ. ಸಣ್ಣ ಬ್ಯಾಟರಿಯ ಗಾಡಿಗೆ ಏರಿಳಿತದ ದಾರಿಯಲ್ಲಿ 45ರಿಂದ 65 ಕಿ.ಮೀ., ದೊಡ್ಡದಕ್ಕೆ 95ರ ತನಕ: ಈ ಪಟ್ಟಿಯೊಳಗೆ ಬರುವವರಿಗೆ ಎಲೆಕ್ಟ್ರಿಕ್, ಹೊರಗಿನವರಿಗೆ ಪೆಟ್ರೋಲ್ ಅಥವಾ ಬೈ-ಫ್ಯುಯೆಲ್. ತೋಟಕ್ಕೆ ವಾರಕ್ಕೆರಡು ಸಲ ಗೊಬ್ಬರ ತರುವವರು, ಮನೆ ಮದುವೆಗೆ ಶಾಮಿಯಾನ ಹೇರುವವರು ಎಲೆಕ್ಟ್ರಿಕ್ ಕೊಂಡರೆ ಅದು ಶೋಕಿ.

ಸೇಲ್ಸ್‌ನವರು "ಎಲೆಕ್ಟ್ರಿಕ್ಕಿಗೆ ಪರ್ಮಿಟ್ ಬೇಡ ಸಾರ್" ಎನ್ನುತ್ತಾರೆ. ಹೌದು, 2018ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ. ಆದರೆ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲಿಂದಲೂ ಪರ್ಮಿಟ್ ಬೇಕಿಲ್ಲ. ನಿಮ್ಮ ಪೆಟ್ರೋಲ್ ಏಸ್‌ಗೂ ಬೇಡ. ಇದನ್ನೊಂದು ಲಾಭವೆಂದು ಎಣಿಸಬೇಡಿ. ಕ್ಲಚ್ ಪ್ಲೇಟ್ ಉಳಿಯುವುದು ಮಾತ್ರ ನಿಜವಾದ ಲಾಭ. ಘಾಟಿ ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ಮತ್ತೆ ಲೋಡಿನಲ್ಲಿ ಎತ್ತಿ ಎತ್ತಿ ಕ್ಲಚ್ ಸುಡುವುದು ಎಷ್ಟು ಖರ್ಚೆಂದು ಓಡಿಸುವವರಿಗೆ ಹೇಳಬೇಕಿಲ್ಲ. ಎಲೆಕ್ಟ್ರಿಕ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಎಳೆತ.

ಹೆಜ್ಜೆ 4: ಮನೆಯ ಕರೆಂಟು

ಎಲ್ಲಕ್ಕಿಂತ ಹೆಚ್ಚು ಗಾಡಿಗಳು ತೊಂದರೆಗೆ ಬೀಳುವುದು ಇಲ್ಲಿ. ಗಾಡಿ ಬುಕ್ ಮಾಡುವ ಮೊದಲೇ ಈ ಕೆಲಸ ಮುಗಿಸಿ.

ಒಂದು ಮಲ್ಟಿಮೀಟರ್ ತಂದು ಏಳು ದಿನ, ಸಂಜೆ 7, ರಾತ್ರಿ 10, ಬೆಳಗಿನ 5 ಗಂಟೆಗೆ ವೋಲ್ಟೇಜ್ ಬರೆದಿಡಿ. ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರದ, ಲೈನಿನ ಕೊನೆಯ ಮನೆಗಳಲ್ಲಿ ಸಂಜೆ 170ಕ್ಕೆ ಇಳಿಯುವುದು ಅಪರೂಪವಲ್ಲ. 200ರ ಮೇಲಿದ್ದರೆ ಚಿಂತೆಯಿಲ್ಲ. 180–200 ಆದರೆ 5 ಕೆವಿಎ ಸ್ಟೆಬಿಲೈಸರ್ ಬೇಕು. ಅದಕ್ಕೂ ಕಡಿಮೆ ಇದ್ದರೆ ಚಾರ್ಜರ್ ಹತ್ತಿ ಆರಿ ಹತ್ತಿ ಆರಿ ಬೆಳಗಾಗುವಷ್ಟರಲ್ಲಿ ಅರ್ಧವೂ ತುಂಬಿರುವುದಿಲ್ಲ; ಮೊದಲು ಮೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ರಾತ್ರಿ 11ರ ಮೇಲೆ ಚಾರ್ಜ್ ಆಗುವಂತೆ ಟೈಮರ್ ಇಟ್ಟರೆ ಎಷ್ಟೋ ಮನೆಗಳಲ್ಲಿ ಸ್ಟೆಬಿಲೈಸರೇ ಬೇಕಾಗುವುದಿಲ್ಲ.

ಮೀಟರ್ ವಿಷಯ. ದಿನಕ್ಕೆ 60 ಕಿ.ಮೀ. ಓಡಿಸಿದರೆ 12 ಯೂನಿಟ್, ತಿಂಗಳಿಗೆ 300. ಮನೆಯ ಮೀಟರಿಗೇ ಹಾಕಿದರೆ ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿ, ದಾಟಿದಷ್ಟಕ್ಕಲ್ಲ, ಇಡೀ ಬಿಲ್ ಕಟ್ಟಬೇಕಾಗುತ್ತದೆ. ಈವರೆಗೆ ಸೊನ್ನೆ ಬರುತ್ತಿದ್ದ ಮನೆಗೆ ಇದು ದೊಡ್ಡ ಪೆಟ್ಟು, ಮೇಲಿನ 1.60ರ ಲೆಕ್ಕವೂ ಕೆಡುತ್ತದೆ. ವಾಹನ ಚಾರ್ಜಿಂಗಿಗೆಂದೇ ಪ್ರತ್ಯೇಕ ಸಂಪರ್ಕ ಕೇಳಿ, ಕನಿಷ್ಠ 4 ಕಿಲೋವ್ಯಾಟ್ ಲೋಡಿಗೆ. ತೋಟದ ಪಂಪ್‌ಸೆಟ್ಟಿಗೆ ಬರುವ ಉಚಿತ ಕರೆಂಟಿನಿಂದ ಚಾರ್ಜ್ ಮಾಡುವ ಉಪಾಯ ಹೇಳುವವರು ಇರುತ್ತಾರೆ; ಅದು 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ನಿನಡಿ ಅನಧಿಕೃತ ಬಳಕೆ, ದರದ ಎರಡು ಪಟ್ಟು ವಸೂಲಿ ಮಾಡುತ್ತಾರೆ.

ವೈರಿಂಗ್: ಕೊಟ್ಟಿಗೆಯ ಲೈಟಿನ ಲೈನಿಗೆ ಎಕ್ಸ್‌ಟೆನ್ಶನ್ ಬಾಕ್ಸ್ ಸಿಕ್ಕಿಸಿ ಚಾರ್ಜ್ ಮಾಡುವುದನ್ನು ಒಂದು ರಾತ್ರಿಗೂ ಮಾಡಬೇಡಿ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ ಕರೆಂಟ್ ಎಳೆಯುವುದಕ್ಕೂ ಗಾಡಿ ಏಳು ಗಂಟೆ ಬಿಡದೆ ಎಳೆಯುವುದಕ್ಕೂ ಅಜಗಜಾಂತರ. ಪ್ಲಗ್ಗಿನ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ತಿರುಗುವುದು ಮೊದಲ ಲಕ್ಷಣ. ಮೀಟರ್ ಬೋರ್ಡಿನಿಂದ ನೇರ ಬೇರೆ ಲೈನ್ ಎಳೆಸಿ: 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪ್ ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಕೈಗಾರಿಕೆಗೆ ಬಳಸುವ ಮಾದರಿಯ 16 ಆಂಪ್ ಸಾಕೆಟ್. ಕೊಟ್ಟಿಗೆ ಮನೆಯಿಂದ 60 ಮೀಟರ್ ದೂರ ಇದ್ದರೆ 4ರ ವೈರಿನಲ್ಲೂ 8 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಆಗ 6 ಚದರ ಮಿ.ಮೀ. ಹಾಕಿಸಿ. ಏಪ್ರಿಲ್–ಮೇ ಸಿಡಿಲಿಗೆ ಬೋರ್ಡಿನಲ್ಲೊಂದು ಸರ್ಜ್ ಪ್ರೊಟೆಕ್ಟರ್ ಇರಲಿ. ಸಿಡಿಲಿನ ಸಂಜೆ ಪ್ಲಗ್ ಕಿತ್ತಿಡುವುದು ಅದಕ್ಕಿಂತ ಒಳ್ಳೆಯದು.

ಅರ್ಥಿಂಗ್ ನಮ್ಮ ಜಂಬಿಟ್ಟಿಗೆ ನೆಲದ ದೊಡ್ಡ ತಲೆನೋವು. ಮಳೆಗಾಲದಲ್ಲಿ ಚೆನ್ನಾಗಿರುವ ಅರ್ಥ್ ಮಾರ್ಚ್ ಹೊತ್ತಿಗೆ ನೆಲ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ, ಗಾಡಿಯ ಚಾರ್ಜರ್ "ಅರ್ಥ್ ಫಾಲ್ಟ್" ಎಂದು ಕೆಂಪು ದೀಪ ಹಾಕುತ್ತದೆ, ಗಾಡಿಯೇ ಕೆಟ್ಟಿದೆ ಎಂದು ಸರ್ವಿಸ್‌ಗೆ ಫೋನು ಹೋಗುತ್ತದೆ. ಮೂರು ಮೀಟರ್ ಜಿಐ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು ಪದರಪದರವಾಗಿ, ಜಾಗ ಬಚ್ಚಲು ನೀರು ಹರಿಯುವ ಕಡೆ. ಬರೀ ಕಲ್ಲು ಸಿಕ್ಕರೆ ಬೆಂಟೋನೈಟ್ ಪುಡಿ ತುಂಬಿಸುವ ಅರ್ಥಿಂಗ್ ಹಾಕಿಸಿ. ಅರ್ಥ್ ಟೆಸ್ಟರಿನಲ್ಲಿ 5 ಓಮ್‌ನೊಳಗೆ ಬರಬೇಕು, ಅದೂ ಬೇಸಿಗೆಯಲ್ಲಿ ಅಳೆದಾಗ. ಚಾರ್ಜ್ ಆಗುತ್ತಿರುವಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 5 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಮಲೆನಾಡಿಗೆ ಹೊಸದಲ್ಲ. ಜೂನ್‌ನಿಂದ ಆಗಸ್ಟ್ ತನಕ ಬ್ಯಾಟರಿಯನ್ನು ಶೇ. 60ಕ್ಕಿಂತ ಕೆಳಗಿಳಿಸಿ ರಾತ್ರಿ ನಿಲ್ಲಿಸಬೇಡಿ. ಮಧ್ಯಾಹ್ನ ಬಂದು ಊಟ ಮಾಡುವ ಹೊತ್ತಿಗೂ ಪ್ಲಗ್ ಹಾಕಿ. ಮನೆಯ ಇನ್ವರ್ಟರ್ ಇದಕ್ಕೆ ಸಾಲದು. 5 ಕೆವಿಎ ಜನರೇಟರ್ ಆದೀತು, ಆದರೆ ಡೀಸೆಲ್ ಲೆಕ್ಕ ಹಾಕಿದರೆ ಯೂನಿಟ್ಟಿಗೆ 35–40 ರೂಪಾಯಿ ಬಿದ್ದು ಪೆಟ್ರೋಲ್ ಗಾಡಿಯಷ್ಟೇ ದುಬಾರಿಯಾಗುತ್ತದೆ. ಜನರೇಟರಿನ ನ್ಯೂಟ್ರಲ್ಲನ್ನು ಅರ್ಥ್‌ಗೆ ಜೋಡಿಸದಿದ್ದರೆ ಎಷ್ಟೋ ಚಾರ್ಜರುಗಳು ಶುರುವೇ ಆಗುವುದಿಲ್ಲ. ಜೋಡಣೆ ತಿಳಿದವರ ಕೈಯಲ್ಲೇ ಮಾಡಿಸಿ. ವಾರಕ್ಕೆ ಎರಡು ಸಲ ಕರೆಂಟ್ ಹೋಗಿ ಮರುದಿನ ಬರುವ ಊರಿನಲ್ಲಿ, ಹಾಲು ಒಯ್ಯುವಂತಹ ತಪ್ಪಿಸಲಾಗದ ಬಾಡಿಗೆ ಇದ್ದರೆ, ಉಳಿದೆಲ್ಲ ಲೆಕ್ಕ ಕೂಡಿಬಂದರೂ ಎಲೆಕ್ಟ್ರಿಕ್ ಬೇಡ.

ಹೆಜ್ಜೆ 5: ಲೋಡು ಹೇರಿ ಟೆಸ್ಟ್ ಡ್ರೈವ್

ಬೈಪಾಸಿನಲ್ಲಿ ಖಾಲಿ ಗಾಡಿ ಓಡಿಸಿ ಬಂದರೆ ಏನೂ ತಿಳಿಯುವುದಿಲ್ಲ. 50 ಕೆ.ಜಿ.ಯ 12 ಚೀಲ ಮರಳು ಹೇರಿ, ನಿಮ್ಮದೇ ದಾರಿಯಲ್ಲಿ, ಕನಿಷ್ಠ 30 ಕಿ.ಮೀ. ಹೋಗಿಬನ್ನಿ. ಹೊರಡುವಾಗ ಮತ್ತು ಬಂದಾಗ ಬ್ಯಾಟರಿಯ ಶೇಕಡಾವಾರು ಬರೆದುಕೊಳ್ಳಿ. 21.3 ಯೂನಿಟ್ ಬ್ಯಾಟರಿ 30 ಕಿ.ಮೀ.ಗೆ ಶೇ. 25 ಇಳಿದರೆ 5.3 ಯೂನಿಟ್, ಕಿಲೋಮೀಟರಿಗೆ 0.18. ಹೆಜ್ಜೆ 2ರ ಅಂದಾಜಿನ ಜಾಗದಲ್ಲಿ ಈ ಅಂಕಿ ಇಟ್ಟು ಮತ್ತೆ ಲೆಕ್ಕ ಮಾಡಿ. "ಉಳಿದ ಕಿಲೋಮೀಟರ್" ಎಂದು ಪರದೆ ತೋರಿಸುವ ಅಂಕಿಯನ್ನು ನೋಡಬೇಡಿ. ಅದು ಹಿಂದಿನ ಹತ್ತು ಕಿಲೋಮೀಟರ್ ಹೇಗಿತ್ತೋ ಹಾಗೇ ಮುಂದೂ ಎಂದುಕೊಂಡು ಹೇಳುತ್ತದೆ, ಮುಂದೆ ಘಾಟಿ ಇದೆಯೆಂದು ಅದಕ್ಕೆ ಗೊತ್ತಿಲ್ಲ.

ಅತಿ ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮತ್ತೆ ಎತ್ತಿ. ಘಾಟಿ ರಸ್ತೆಗಿಂತ ಮನೆಯಂಗಳಕ್ಕೆ, ಅಡಿಕೆ ಕಣಕ್ಕೆ ಇಳಿಯುವ ದಾರಿಯೇ ಹೆಚ್ಚು ಕಡಿದಾಗಿರುತ್ತದೆ. ಪರೀಕ್ಷೆ ಅಲ್ಲಿ ಆಗಲಿ.

ಹೆಜ್ಜೆ 6: ಕೊಂಡ ಮೇಲೆ, ಮಳೆಗಾಲದಲ್ಲಿ

ಘಾಟಿಯ ತಲೆಯಲ್ಲಿ ಮನೆ ಇರುವವರು, ಆಗುಂಬೆ, ಮಾಸ್ತಿಕಟ್ಟೆ, ನಗರದ ಕಡೆಯವರು, ಇದನ್ನು ಮರೆಯಬೇಡಿ: ಬ್ಯಾಟರಿ ಶೇ. 100 ತುಂಬಿಸಿಕೊಂಡು ನೇರ ಘಾಟಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ವಾಪಸ್ ಬರುವ ಕರೆಂಟ್ ಇಡಲು ಜಾಗವಿಲ್ಲ, ಹಾಗಾಗಿ ಮೋಟಾರಿನ ಬ್ರೇಕು ಕೆಲಸ ಮಾಡುವುದಿಲ್ಲ. ಎಂಜಿನ್ ಬ್ರೇಕಂತೂ ಇಲ್ಲವೇ ಇಲ್ಲ. 1.8 ಟನ್ನನ್ನು ಕಾಲಿನ ಬ್ರೇಕ್ ಒಂದೇ ಹಿಡಿಯಬೇಕು. ಅರ್ಧ ಘಾಟಿಗೆ ಡ್ರಮ್ ಕಾದು ವಾಸನೆ ಬರುತ್ತದೆ. ಶೇ. 85ಕ್ಕೆ ಚಾರ್ಜ್ ನಿಲ್ಲಿಸಿ ಹೊರಡಿ.

ಮೋಟಾರೇ ಬ್ರೇಕ್ ಹಿಡಿಯುವುದರಿಂದ ಮಾಮೂಲಿ ದಿನಗಳಲ್ಲಿ ಡ್ರಮ್ ಬ್ರೇಕಿಗೆ ಕೆಲಸ ಕಡಿಮೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ ಕೆಲಸವಿಲ್ಲದ ಡ್ರಮ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ರಾತ್ರಿ ಹ್ಯಾಂಡ್‌ಬ್ರೇಕ್ ಹಾಕಿ ಬಿಡುವ ಬದಲು ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಮರದ ಕೊರಡು ಕೊಡಿ. ಬೆಳಗ್ಗೆ ಹೊರಟ ಮೊದಲ ನೂರು ಮೀಟರಿನಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತಿ ಡ್ರಮ್ ಒರೆಸಿಕೊಳ್ಳಿ. ಮಳೆಗಾಲ ಶುರುವಾಗುವ ಮೊದಲು ಮತ್ತು ಮುಗಿದ ಮೇಲೆ ಡ್ರಮ್ ಬಿಚ್ಚಿಸಿ ಶುಚಿ ಮಾಡಿಸಿ.

ಕೆಂಪು ಕೆಸರಿನಲ್ಲಿ ಖಾಲಿ ಗಾಡಿಯ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ, ಮೋಟಾರಿನ ಎಳೆತ ಒಮ್ಮೆಲೇ ಬರುವುದರಿಂದ ಪೆಟ್ರೋಲ್ ಗಾಡಿಗಿಂತ ಬೇಗ. ಹಿಂದಿನ ಆಕ್ಸಲ್ ಮೇಲೆ ಎರಡು ಮರಳು ಚೀಲ ಇಟ್ಟುಕೊಳ್ಳಿ, ಇಕೋ ಮೋಡಿನಲ್ಲಿ ಪೆಡಲನ್ನು ಮೆಲ್ಲಗೆ ಒತ್ತಿ. ಬ್ಯಾಟರಿಗೆ ಐಪಿ67 ಇದೆ ಎಂದು ಹಳ್ಳಕ್ಕೆ ಇಳಿಸುವವರಿದ್ದಾರೆ. ಆ ಅಂಕಿಯ ಅರ್ಥ ಒಂದು ಮೀಟರ್ ನಿಂತ ನೀರಿನಲ್ಲಿ ಅರ್ಧ ಗಂಟೆ, ಅದೂ ಹೊಸ ಸೀಲಿಗೆ. ಹರಿಯುವ ನೀರಿಗೂ, ಕಲ್ಲು ತಾಗಿ ತಗ್ಗಾದ ಡಬ್ಬಿಗೂ ಅದು ಲೆಕ್ಕವಲ್ಲ. ವಾಟರ್ ಸರ್ವಿಸ್‌ನವರಿಗೆ ಚಾರ್ಜಿಂಗ್ ಪೋರ್ಟಿನ ಮೇಲೆ, ಅಡಿಯಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳ ಕನೆಕ್ಟರ್ ಮೇಲೆ ಜೆಟ್ ಹಿಡಿಯಬೇಡಿ ಎಂದು ಹೇಳಿ.

ದೊಡ್ಡ ಬ್ಯಾಟರಿ ಶೇ. 80 ಇದ್ದೂ ಗಾಡಿ ಶುರುವಾಗದೆ ನಿಂತರೆ ಹೆದರಬೇಡಿ, ಮೊದಲು 12 ವೋಲ್ಟಿನ ಸಣ್ಣ ಬ್ಯಾಟರಿ ನೋಡಿ. ದೊಡ್ಡದರ ಸ್ವಿಚ್ ಹಾಕುವುದು ಅದೇ. 12ಕ್ಕಿಂತ ಕೆಳಗಿದ್ದರೆ ಹೊರಗಿನಿಂದ ಚಾರ್ಜ್ ಮಾಡಿದರೆ ಸಾಕು. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಅದರ ನೆಗೆಟಿವ್ ತಂತಿ ತೆಗೆದಿಡಿ, ದೊಡ್ಡದನ್ನು ಶೇ. 50–60ರಲ್ಲಿ ಬಿಡಿ. ಕೊಟ್ಟಿಗೆಯ ಹುಲ್ಲಿನ ಪಕ್ಕ ನಿಲ್ಲಿಸಿದ ಗಾಡಿಗೆ ಇಲಿ ಬರುವುದು ಖಂಡಿತ; ಕಡಿದ ವೈರ್ ವಾರಂಟಿಯಲ್ಲಿ ಬರುವುದಿಲ್ಲ.

ವಾರಂಟಿ ಕಾಗದದಲ್ಲಿ ವರ್ಷ, ಕಿಲೋಮೀಟರ್ ಜೊತೆಗೆ ಮೂರನೆಯದೊಂದು ಇರಬೇಕು: ಬ್ಯಾಟರಿಯ ಸಾಮರ್ಥ್ಯ ಶೇಕಡ ಎಷ್ಟಕ್ಕಿಂತ ಕೆಳಗಿಳಿದರೆ ಬದಲಿಸಿ ಕೊಡುತ್ತಾರೆ ಎಂಬುದು. ಅದು ಬರೆದಿಲ್ಲದಿದ್ದರೆ ಡೆಲಿವರಿಗೆ ಮೊದಲೇ ಬರೆಸಿಕೊಳ್ಳಿ. ಗಾಡಿಯ ಜೊತೆ ಕೊಡುವ ಚಾರ್ಜಿಂಗ್ ಕೇಬಲ್ಲಿನ ಸೀರಿಯಲ್ ನಂಬರ್ ಇನ್‌ವಾಯ್ಸಿನಲ್ಲಿ ಇದೆಯೇ ನೋಡಿ. ಕಳುವಾದರೆ ವಿಮೆಯವರು ಮೊದಲು ಕೇಳುವುದು ಅದನ್ನೇ.